ಬಿಸಿನೆಲದ ಮನೆಯ ಕಾವಲುಗಾರ

ಹಿಮ ಬೀಳುವ ತಿಂಗಳುಗಳಲ್ಲಿ ನಮ್ಮ ವಸತಿಮನೆಗೆ ಬರುವವರು ಸ್ನಾನಕ್ಕಿಂತ ಹೆಚ್ಚಾಗಿ ಮಲಗುವುದಕ್ಕೇ ಬರುತ್ತಾರೆ. ಬಿಸಿನೀರಿನ ಕೊಳಗಳಿಂದ ಐವತ್ತು ಹೆಜ್ಜೆ ಕೆಳಗೆ, ಬೆಟ್ಟದ ಇಳಿಜಾರಿನಲ್ಲಿ, ಬಿಸಿನೆಲದ ಮನೆ ಇದೆ. ಅದರೊಳಗೆ ಮಂಚವಿಲ್ಲ, ಒಲೆಯೂ ಇಲ್ಲ. ಭೂಮಿಯೇ ಬೆಚ್ಚಗಿದೆ. ಅದರ ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ಹುಲ್ಲಿನ ಚಾಪೆ ಹಾಕಿದ್ದೇವೆ. ಸೊಂಟ ಹಿಡಿದವರು, ಮಂಡಿ ಸವೆದವರು ಹತ್ತಿಯ ನಿಲುವಂಗಿ ತೊಟ್ಟು, ಕಂಬಳಿ ಹೊದ್ದು, ಗಂಟೆಗಟ್ಟಲೆ ಅಲ್ಲಿ ಒರಗಿರುತ್ತಾರೆ. ಒಳಗೆ ಮಾತಾಡುವಂತಿಲ್ಲ. ಮಲಗಿದವರನ್ನು ಎಬ್ಬಿಸುವಂತೆಯೂ ಇಲ್ಲ. ಇದು ನಮ್ಮ ಅಜ್ಜಂದಿರ ಕಾಲದಿಂದ ಬಂದ ರೂಢಿ.

ಆ ನೆಲದಿಂದ ಬರುವುದು ಶಾಖ ಮಾತ್ರವಲ್ಲ, ಗಂಧಕದ ಹೊಗೆಯೂ ಹೌದು. ಅದು ಕಣ್ಣಿಗೆ ಕಾಣುವುದಿಲ್ಲ. ಗಾಳಿಗಿಂತ ಭಾರವಾದ್ದರಿಂದ ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ. ಅದಕ್ಕೇ ಕಣಿವೆಯ ಕಡೆಯ ಗೋಡೆಯ ಬುಡದಲ್ಲಿ ಗೇಣಗಲದ ಕಿಂಡಿಗಳಿವೆ. ಕಿಂಡಿ ತೆರೆದಿದ್ದು ಗಾಳಿ ಆಡುತ್ತಿದ್ದರೆ ಆ ಮನೆಯಷ್ಟು ಸುಖದ ಜಾಗ ಇನ್ನೊಂದಿಲ್ಲ. ಅದನ್ನು ನೋಡಿಕೊಳ್ಳುವುದಕ್ಕೆ ಒಬ್ಬ ಕಾವಲುಗಾರ ಬೇಕು. ಇಪ್ಪತ್ತೇಳು ವರ್ಷ ಆ ಕೆಲಸ ಮಾಡಿದವರು ತೊರಾಜಿ.

ಅವರು ತಾಮ್ರದ ಗಣಿಯಲ್ಲಿ ದುಡಿದವರು. ಗಣಿಯ ಬಂಡಿ ಹರಿದು ಎಡಗಾಲು ಜಜ್ಜಿಹೋದಾಗ, ಮೂವತ್ತೊಂದರ ವಯಸ್ಸಿನಲ್ಲಿ, ಮೂರು ವಾರ ಬಿಸಿನೆಲದಲ್ಲಿ ಮಲಗಿ ವಾಸಿಮಾಡಿಕೊಳ್ಳಲೆಂದು ಬಂದರು. ಎರಡನೆಯ ದಿನವೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮೂರನೇ ಪೀಪಾಯಿಯ ಸೋಯಾರಸದಲ್ಲಿ ಇಲಿ ಬಿದ್ದಿದೆ" ಅಂದರಂತೆ. ಯಾರೂ ನಂಬಲಿಲ್ಲ. ಮುಚ್ಚಳ ತೆಗೆದು ನೋಡಿದರೆ ಇಲಿ ಇತ್ತು. ಆಗಿನ ಮುದಿ ಕಾವಲುಗಾರ ಅವರ ಮೂಗನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, "ನಾಯಿಗೆ ಕೊಡಬೇಕಾದ್ದನ್ನ ದೇವರು ನಿನಗೆ ಕೊಟ್ಟಿದ್ದಾನಲ್ಲೋ. ಇಲ್ಲೇ ಇದ್ದುಬಿಡು" ಅಂದನಂತೆ. ತೊರಾಜಿ ಇದ್ದುಬಿಟ್ಟರು. ಮದುವೆಯಾಗಲಿಲ್ಲ. ಕುಂಟುಗಾಲು ಉಳಿಯಿತು.

ದಿನಾ ಬೆಳಿಗ್ಗೆ ಆರಕ್ಕೆ ಅವರು ಖಾಲಿ ಮನೆಯೊಳಗೆ ಹೊಟ್ಟೆಯಡಿಯಾಗಿ ಮಲಗಿ, ಚಾಪೆಗೆ ಮೂಗು ಒತ್ತಿ ಉಸಿರೆಳೆದುಕೊಳ್ಳುತ್ತಿದ್ದರು. ಕೊಳೆತ ಮೊಟ್ಟೆಯ ವಾಸನೆ ತೆಳ್ಳಗಿದ್ದರೆ ಬಾಗಿಲು ತೆರೆಯುತ್ತಿದ್ದರು. ಖಾರವಾಗಿ ಏರಿದರೆ ಆ ದಿನ ಬೀಗ. ಮುದಿ ಕಾವಲುಗಾರ ಕಲಿಸಿದ ಇನ್ನೂ ಒಂದು ಪಾಠವಿತ್ತು. ಅದನ್ನು ನನಗೆ ತೊರಾಜಿಯೇ ಹೇಳಿದ್ದರು. ಆದರೆ ನಾನು ಅದನ್ನು ಬರಿಯ ಕಿವಿಯಲ್ಲಿ ಕೇಳಿಸಿಕೊಂಡಿದ್ದೆನೇ ಹೊರತು ಮನಸ್ಸಿನಲ್ಲಿ ಇಳಿಸಿಕೊಂಡಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ನಾನು ಅಡುಗೆಯವಳು, ಹೆಸರು ಶಿಗೆ. ಬೆಳಿಗ್ಗೆ ಮೊದಲ ಅನ್ನವನ್ನು ಬುಗ್ಗೆಯ ಪಕ್ಕದ, ರೋಗ ವಾಸಿಮಾಡುವ ಯಾಕುಶಿ ದೇವರ ಕಲ್ಲಿಗೆ ಇಟ್ಟು ಬಂದ ಮೇಲೆ ಉಳಿದವರಿಗೆ ಬಡಿಸುವುದು ನನ್ನ ಕೆಲಸ.

ಶೋವಾ ಚಕ್ರವರ್ತಿಯ ನಲವತ್ತೊಂಬತ್ತನೆಯ ವರ್ಷದ, ಅಂದರೆ 1974ರ, ಫೆಬ್ರವರಿಯಲ್ಲಿ ಎಲ್ಲರಿಗೂ ಕೆಟ್ಟ ನೆಗಡಿ ಬಂದು ಹೋಯಿತು. ಅದು ಹೋಗಿ ಎರಡು ವಾರ ಆಗುತ್ತ ಬಂದಿದ್ದಾಗ ಒಂದು ಸಂಜೆ ನಾನು ಅವಸರದಲ್ಲಿ ತಪ್ಪು ಪೀಪಾಯಿಗೆ ಕೈ ಹಾಕಿದೆ. ನಮ್ಮ ಕಡೆ ಮೂಲಂಗಿಯನ್ನು ಒಲೆಯ ಮೇಲೆ ಹೊಗೆಯಲ್ಲಿ ತೂಗುಹಾಕಿ, ಆಮೇಲೆ ಅಕ್ಕಿತೌಡಿನಲ್ಲಿ ಉಪ್ಪಿನಕಾಯಿ ಹಾಕುತ್ತೇವೆ. ಹೊಗೆ ಕಾಣದ ಮೂಲಂಗಿಯದು ಬೇರೆ ಪೀಪಾಯಿ. ಅಡುಗೆಮನೆಯ ಮಂದ ಬೆಳಕಿನಲ್ಲಿ ಎರಡಕ್ಕೂ ಒಂದೇ ಬಣ್ಣ.

ವಸತಿಮನೆಯ ಒಡತಿ ಹರುಯೊ, ನಾವೆಲ್ಲ ಗೌರವದಿಂದ ಒಕಾಮಿ-ಸಾನ್ ಎಂದು ಕರೆಯುವವರು, ಒಂದು ಚೂರು ಬಾಯಿಗಿಟ್ಟವರೇ, "ಶಿಗೆ-ಸಾನ್, ಇದು ಹೊಗೇದಲ್ವಲ್ಲ" ಅಂದರು.

ನಾನು ತಲೆ ತಗ್ಗಿಸಿ ಕ್ಷಮೆ ಕೇಳಿದೆ. ಆದರೆ ತಟ್ಟೆಗಳಿಗೆ ಹಾಕಿಯಾಗಿತ್ತು. ಹಿಮ ಒದರಿಕೊಂಡು ಎಲ್ಲರಿಗಿಂತ ಕೊನೆಗೆ ಬಂದ ತೊರಾಜಿ ಅದನ್ನೇ ಕರುಂ ಕರುಂ ಅಂತ ಅಗಿದು, "ಈ ಸಲ ಹೊಗೆ ಚೆನ್ನಾಗಿ ಹಿಡಿದಿದೆ, ಶಿಗೆ. ಚೆರ್ರಿ ಕಟ್ಟಿಗೇನಾ?" ಅಂದರು.

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಇಲಿಯ ವಾಸನೆ ಮುಚ್ಚಳದಾಚೆಯಿಂದ ಹಿಡಿದ ಮನುಷ್ಯ! "ಹೌದು" ಅಂದೆ. ಯಾಕೆ ಹಾಗೆ ಅಂದೆನೋ ನನಗೇ ತಿಳಿಯದು. ಕೇಳಬೇಕಾದದ್ದನ್ನು ಆಗಲೇ ಕೇಳಬೇಕಿತ್ತು. ಎಲ್ಲರ ಎದುರು ಆ ವಯಸ್ಸಾದವರ ಮಾನ ಕಳೆಯಬಾರದು, ನಾಳೆ ಒಬ್ಬರೇ ಇದ್ದಾಗ ಕೇಳೋಣ ಎಂದುಕೊಂಡೆ. ಆ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಕಲ್ಲಿಗೆ ಅನ್ನ ಇಡುವಾಗಲೂ ಅದೇ ಯೋಚನೆ. ಅಷ್ಟಾದರೂ, ಮಲಗುವವರು ಒಬ್ಬೊಬ್ಬರಾಗಿ ಕೆಳಗಿಳಿದು ಹೋಗುವುದನ್ನು ಕಿಟಕಿಯಿಂದ ನೋಡುತ್ತ ನಿಂತೆನೇ ಹೊರತು ತಡೆಯಲಿಲ್ಲ.

ಮೂರು ದಿನ ಬಿಡದೆ ಸುರಿದ ಹಿಮ ಆ ಬೆಳಿಗ್ಗೆ ನಿಂತಿತ್ತು. ಗಾಳಿಯೂ ನಿಂತಿತ್ತು. ಅಡುಗೆಮನೆಯ ಹೊಗೆ ಕೋಲಿನಂತೆ ನೆಟ್ಟಗೆ ಮೇಲೇಳುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಕೆಳಗಿನಿಂದ ಧೊಪ್ಪೆಂದು ಸದ್ದಾಯಿತು. ಮಾಡಿನ ಮೇಲಿನ ಹಿಮ ಜಾರಿತು ಅಂದುಕೊಂಡು ಕಾಳು ತೊಳೆಯುವುದನ್ನು ಮುಂದುವರಿಸಿದೆ. ಚಳಿಗಾಲದಲ್ಲಿ ಆ ಸದ್ದು ದಿನಾ ಇದ್ದದ್ದೇ.

ಮಧ್ಯಾಹ್ನ ತೊರಾಜಿ ಊಟಕ್ಕೆ ಬಂದರು. ಬೆಳಗಿನಿಂದ ಮೇಲಿನ ಕೊಳದ ಕೊಳವೆಯಲ್ಲಿ ಕಟ್ಟಿಕೊಂಡಿದ್ದ ಗಂಧಕದ ಗಷ್ಟು ಕೆರೆದು ಬಂದಿದ್ದರು. ಅಡುಗೆಮನೆಯಲ್ಲಿ ನಾವಿಬ್ಬರೇ.

"ತೊರಾಜಿ-ಸಾನ್, ನಿನ್ನೆ ಬಡಿಸಿದ್ದು ಹೊಗೆಯ ಮೂಲಂಗಿ ಅಲ್ಲ."

"ಏನಂದೆ?"

"ಪಕ್ಕದ ಪೀಪಾಯೀದು. ಅದು ಹೊಗೆ ಮುಖಾನೇ ನೋಡಿಲ್ಲ."

ಅವರು ಅಗಿಯುತ್ತಲೇ ಇದ್ದರು. "ವಯಸ್ಸಾಯ್ತು. ನಾಲಿಗೆ ಸತ್ತಿದೆ."

"ಸತ್ತಿರೋದು ನಾಲಿಗೇನೋ, ಮೂಗೋ?"

"ಅಡುಗೆಯವಳು ಅಡುಗೆ ನೋಡ್ಕೊಂಡಿರು."

"ಅಲ್ಲಿ ಒಂಬತ್ತು ಜನ ಮಲಗಿದಾರೆ. ಅವರಿಗೆ ಬಡಿಸೋಳೂ ನಾನೇ."

ಅವರು ಊಟದ ಕಡ್ಡಿಗಳನ್ನು ಬಟ್ಟಲಿನ ಮೇಲೆ ಅಡ್ಡಲಾಗಿ ಇಟ್ಟರು. ನಾನು ಅವರ ಎದುರಿಗೆ ಕೂತೆ.

"ಹದಿಮೂರು ದಿನ ಆಯ್ತು" ಅಂದರು. "ನೆಗಡಿ ಹೋಯ್ತು, ಇದೊಂದನ್ನ ಜೊತೇಲಿ ತಗೊಂಡು ಹೋಯ್ತು. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ..."

"ಹಾಗಾದ್ರೆ ದಿನಾ ಬೆಳಿಗ್ಗೆ ಏನು ನೋಡಿ ಬಾಗಿಲು ತೆಗೀತಿದ್ರಿ?"

ಅವರು ಸೊಂಟದ ಚೀಲದಿಂದ ಹಳೆಯ ಬೆಳ್ಳಿಯ ನಾಣ್ಯ ತೆಗೆದು ತೋರಿಸಿದರು. ಬೂದಿಯಲ್ಲಿ ಉಜ್ಜಿ ಬೆಳ್ಳಗೆ ಮಾಡಿದ್ದು. "ಇದನ್ನ ಚಾಪೆ ಮೇಲೆ ಇಡ್ತೀನಿ. ಹೊಗೆ ಏರಿದ್ರೆ ಕಪ್ಪಾಗುತ್ತೆ. ಇವತ್ತು ಆರಕ್ಕೆ ಇಟ್ಟೆ, ಎಂಟಕ್ಕೆ ನೋಡಿದೆ. ಬಿಳೀನೇ ಇತ್ತು."

"ಒಕಾಮಿ-ಸಾನ್‌ಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ? ಮೂಗಿಲ್ಲದ ಕಾವಲುಗಾರನ್ನ ಇಟ್ಕೊಂಡು ಏನು ಮಾಡ್ತಾರೆ? ನನಗೆ ಬೇರೆ ಮನೆ ಎಲ್ಲಿದೆ ಶಿಗೆ?"

ನನಗೆ ಕೇಳುವುದಕ್ಕೆ ಇನ್ನೊಂದು ಇತ್ತು. "ಹತ್ತು ಗಂಟೆಗೆ ಕೆಳಗಡೆ ಮಾಡಿನ ಹಿಮ ಜಾರ್ತಲ್ಲ. ಕಿಂಡಿ ಬಿಡಿಸಿದ್ರಾ?"

"ಎಲ್ಲಿ ಜಾರ್ತು?" ಕೊಳವೆಯ ನೀರಿನ ಸದ್ದಿನಲ್ಲಿ ಅವರಿಗೆ ಏನೂ ಕೇಳಿಸಿರಲಿಲ್ಲ. "ಯಾವ ಕಡೆ?"

ನಾನು ಕಿಟಕಿಯ ಹತ್ತಿರ ಹೋಗಿ ನೋಡಿದೆ. ಬಿಸಿನೆಲದ ಮನೆಯ ಮಾಡಿನ ಒಂದು ಮಗ್ಗುಲು ಬೋಳಾಗಿತ್ತು. "ಕಣಿವೆ ಕಡೆ" ಅಂದೆ.

ತೊರಾಜಿ ಎದ್ದ ರಭಸಕ್ಕೆ ಬಟ್ಟಲು ಮಗುಚಿಬಿತ್ತು.

ಅವರ ಕುಂಟುಗಾಲು ಹಿಮದಲ್ಲಿ ಹೂತು ಹೂತು ಏಳುತ್ತಿತ್ತು. ನಾನು ಮುಂದೆ ಓಡಿದೆ. ಮನೆಯ ಕಣಿವೆಯ ಕಡೆಯಲ್ಲಿ ಹಿಮ ಎದೆಯೆತ್ತರಕ್ಕೆ ಬಿದ್ದು ಒಂದು ಕಿಂಡಿಯೂ ಕಾಣುತ್ತಿರಲಿಲ್ಲ. ಎರಡು ತಾಸಿನಿಂದ ಹಾಗೇ ಇತ್ತು. ಬಾಗಿಲ ಬಳಿ ತೊರಾಜಿ ನನ್ನ ತೋಳು ಹಿಡಿದರು.

"ನನಗೆ ಗೊತ್ತಾಗಲ್ಲ. ನೀನೇ ನೋಡಬೇಕು. ನಿಂತಲ್ಲೇ ಒಂದು ಉಸಿರು ತಗೋ. ಬಗ್ಗಬೇಡ. ಏನು ವಾಸನೆ ಬರುತ್ತೋ ಹೇಳು."

ಬಾಗಿಲು ಸರಿಸಿದೆ. ಕಣ್ಣು ಉರಿಯಿತು. ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. "ಇದೆ. ದಿನಕ್ಕಿಂತ ಜಾಸ್ತಿ ಇದೆ."

"ಒಂದೇ ಒಂದು ಹೆಜ್ಜೆ ಒಳಗಿಡು."

ಇಟ್ಟೆ. ಇನ್ನೊಂದು ಉಸಿರು ತೆಗೆದುಕೊಂಡೆ. ವಾಸನೆ ಕಡಿಮೆಯಾಗಿತ್ತು. ಮತ್ತೊಂದು ಉಸಿರಿಗೆ ಪೂರಾ ಹೋಗಿತ್ತು. "ಏನೂ ಇಲ್ಲ ತೊರಾಜಿ-ಸಾನ್!" ಎಂದು ಸಂತೋಷದಿಂದ ಕೂಗಿದೆ. "ಬಾಗಿಲು ತೆಗೆದ ತಕ್ಷಣ ಹೋಗಿಬಿಡ್ತು!"

ಅವರು ನನ್ನ ಕುತ್ತಿಗೆಯ ಬಟ್ಟೆ ಹಿಡಿದು ಎಳೆದು ಹಿಮದ ಮೇಲೆ ಎಸೆದರು. ಅಂಗಾತ ಬಿದ್ದಾಗ ನನಗೆ ಆ ಪಾಠ ನೆನಪಾಯಿತು. ವಾಸನೆ ಇರುವವರೆಗೆ ಜೀವಭಯವಿಲ್ಲ, ವಾಸನೆ ಇದ್ದಕ್ಕಿದ್ದಂತೆ ನಿಂತರೆ ಹೊಗೆ ಮೂಗನ್ನು ಕೊಂದಿದೆ ಎಂದರ್ಥ. ಆಮೇಲೆ ಕೊಲ್ಲುವುದು ಮನುಷ್ಯರನ್ನು.

"ಎದ್ದೇಳಿ! ಎಲ್ಲ ಎದ್ದು ನಿಂತ್ಕೊಳ್ಳಿ! ತೆವಳಬೇಡಿ, ನಿಂತೇ ಹೊರಗೆ ಬನ್ನಿ!" ತೊರಾಜಿ ಬಾಗಿಲಲ್ಲಿ ನಿಂತು ಕಿರುಚಿದರು.

ಒಳಗಿನ ಮಬ್ಬಿನಿಂದ ಯಾರೋ "ಶ್!" ಅಂದರು. "ಮಲಗಿದವರಿದಾರೆ!"

ಬಾಗಿಲ ಪಕ್ಕದಲ್ಲೇ ಒರಗಿದ್ದ ಬಡಗಿ ಯೊಹೇ ಕಂಬಳಿ ಎಳೆದುಕೊಂಡ. "ಏನಜ್ಜಾ, ಕುಡಿದಿದೀಯಾ ಹಾಡುಹಗಲಲ್ಲಿ? ಬಾಗಿಲು ಹಾಕು, ಚಳಿ!"

"ಏಳೋ ಕತ್ತೇ! ಹೊಗೆ ತುಂಬಿ ನಿಂತಿದೆ!"

ಆ ಒಂದು ಮಾತು ಸಾಕಾಯಿತು. ಯೊಹೇ ಎದ್ದ. ಎದ್ದವನೇ ತೂರಾಡಿ ಬಾಗಿಲ ಚೌಕಟ್ಟು ಹಿಡಿದ. ಅವನ ಹಿಂದೆ ಒಬ್ಬೊಬ್ಬರೇ ಗೋಡೆ ಹಿಡಿದು, ಕೆಂಪು ಕಣ್ಣು ಉಜ್ಜುತ್ತ, ಬರಿಗಾಲಲ್ಲೇ ಹಿಮಕ್ಕೆ ಬಂದು ಬಿದ್ದರು. ಒಬ್ಬರು ವಾಂತಿ ಮಾಡಿದರು. ನಾನು ತಲೆ ಎಣಿಸಿದೆ. ಎಂಟು. ಮತ್ತೆ ಎಣಿಸಿದೆ. ಎಂಟೇ.

"ನೊಬು-ಸಾನ್ ಎಲ್ಲಿ?"

ನೊಬು ಕಡಲತೀರದ ಊರಿನ ಮೀನು ಮಾರುವ ಮುದುಕಿ. ಮೀನಿನ ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಸೊಂಟ ಕಾಯಿಸಿಕೊಳ್ಳಲು ಬರುತ್ತಿದ್ದಳು. ಅತಿ ಬಿಸಿಯಾದ ಜಾಗವೆಂದು ಕೆಳಮೂಲೆಯನ್ನೇ ಹಿಡಿಯುತ್ತಿದ್ದಳು. ಅದು ಕಿಂಡಿಗಳ ಪಕ್ಕದ ಮೂಲೆ, ಎಲ್ಲಕ್ಕಿಂತ ತಗ್ಗು.

ಯೊಹೇ ಬಿಳಿಚಿಕೊಂಡ. "ಗೊರಕೆ ಹೊಡೀತಿದ್ಲು. ಆಮೇಲೆ ನಿಂತೋಯ್ತು. ಒಂದು ಥರಾ ಉಸಿರು ಬಿಡ್ತಿದ್ಲು... ಪಾಪ, ಈಗ ನಿದ್ದೆ ಹತ್ತಿದೆ, ಎಬ್ಬಿಸಬಾರ್ದು ಅಂತ ನಾವು..."

ತೊರಾಜಿ ಕೊರಳ ಬಟ್ಟೆಯನ್ನು ಬಾಯಿಗೆ ಬಿಗಿದು ಕಟ್ಟಿಕೊಳ್ಳುತ್ತಿದ್ದರು. "ನಡೆಯೋಕಾಗೋರೆಲ್ಲ ಆ ಕಡೆ ಹೋಗಿ ಕಿಂಡಿ ಬಿಡಿಸಿ, ನಿಂತೇ ತೋಡಿ. ಶಿಗೆ, ನೀನು ಬಾಗಿಲಿಂದಾಚೆ ನಿಂತ್ಕೊ. ನಲವತ್ತು ಎಣಿಸು. ಅಷ್ಟರವರೆಗೆ ಉಸಿರು ಕಟ್ಟಬಲ್ಲೆ. ಆಮೇಲೂ ನಾನು ಬರಲಿಲ್ಲ ಅಂದ್ರೆ ಯಾರೂ ಒಳಗೆ ಬರಬಾರದು. ಕೇಳಿಸ್ತಾ? ಯಾರನ್ನೂ ಬಿಡಬೇಡ."

"ತೊರಾಜಿ-ಸಾನ್—"

"ಒಬ್ಬರ ಹಿಂದೆ ಒಬ್ಬರು ಹೋಗೇ ಸಾಯೋದು ಇಲ್ಲಿ. ಎಣಿಸು."

ಹೋದರು. ನಾನು ದೇವರನ್ನು ನೆನೆಯಲು ಹೊರಟೆ. ನಲವತ್ತು ವರ್ಷದಿಂದ ಬಾಯಿಗೆ ಬರುವ ಮಂತ್ರದ ಒಂದಕ್ಷರವೂ ಬರಲಿಲ್ಲ. ಎಣಿಕೆ ಮಾತ್ರ ಬಂತು. ಹತ್ತು. ಮನೆಯ ಆಚೆ ಮಗ್ಗುಲಲ್ಲಿ ನಿಲುವಂಗಿ ತೊಟ್ಟವರು ಸಿಕ್ಕಿದ ಹಲಗೆಯಿಂದ, ಸ್ನಾನದ ಮರದ ಬೋಗುಣಿಗಳಿಂದ ಹಿಮ ಬಗೆಯುತ್ತಿದ್ದ ಸದ್ದು. ಇಪ್ಪತ್ತು. ಸದ್ದು ಕೇಳಿ ಒಡತಿ ಬರಿಯ ಕಾಲುಚೀಲದಲ್ಲೇ ಓಡಿಬರುತ್ತಿದ್ದರು. ಮೂವತ್ತು. ಒಳಗೆ ಏನೋ ಎಳೆದಂತಾಯಿತು, ನಿಂತಿತು. ನಲವತ್ತು.

ಬರಲಿಲ್ಲ.

ಯೊಹೇ ಓಡಿ ಬಂದ. "ಸರಿ, ದಾರಿ ಬಿಡು."

"ಇಲ್ಲ."

"ಸಾಯ್ತಿದಾನೆ ಒಳಗೆ! ನೀನೇನು ಹೆಂಗಸೋ, ಕಲ್ಲೋ?"

"ಕಲ್ಲೇ ಅಂದ್ಕೋ." ನಾನು ಎರಡೂ ಕೈ ಚೌಕಟ್ಟಿಗೆ ಕೊಟ್ಟು ನಿಂತೆ. ಅವನು ನನ್ನ ಭುಜ ಹಿಡಿದು ದೂಡಿದ. ನಾನು ಅವನ ಕೈ ಕಚ್ಚಿದೆ. ಐವತ್ತು ಆಯಿತು. ಐವತ್ತೈದು. ನಿನ್ನೆ ಸಂಜೆ ಬಾಯಿ ಬಿಟ್ಟಿದ್ದರೆ ಈ ಎಣಿಕೆಯೇ ಇರುತ್ತಿರಲಿಲ್ಲ ಅನ್ನುವುದು ಪ್ರತಿ ಸಂಖ್ಯೆಯ ಜೊತೆಗೂ ಬರುತ್ತಿತ್ತು. ಅರವತ್ತೊಂದಕ್ಕೆ ಮಬ್ಬಿನಲ್ಲಿ ತೊರಾಜಿಯ ಬೆನ್ನು ಕಂಡಿತು. ಮುದುಕಿಯನ್ನು ಎತ್ತಲಾಗದೆ ಅವರು ಚಾಪೆಯನ್ನೇ ಎರಡೂ ಕೈಯಲ್ಲಿ ಹಿಡಿದು, ಅವಳ ಸಮೇತ ಹಿಂದುಹಿಂದಕ್ಕೆ ಎಳೆದುಕೊಂಡು ಬರುತ್ತಿದ್ದರು. ಹೊಸ್ತಿಲಲ್ಲಿ ನಾವು ಚಾಪೆಗೆ ಕೈ ಹಾಕಿದೆವು. ಅವರು ಹಿಮದಲ್ಲಿ ಮೊಣಕಾಲೂರಿ, ಮುಖ ಮೇಲೆತ್ತಿ, ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿದರು.

ನೊಬುವಿನ ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. ಒಡತಿ ಅವಳ ಎದೆ ಒತ್ತಿದರು, ಯೊಹೇ ಅಂಗಾಲು ಉಜ್ಜಿದ, ನಾನು ಬಾಯಿಗೆ ಬಾಯಿಟ್ಟು ಊದಿದೆ. ಎಷ್ಟು ಹೊತ್ತೆಂದು ಹೇಳಲಾರೆ. ಕೊನೆಗೆ ಅವಳ ಗಂಟಲಲ್ಲಿ ಗೊರಕ್ ಎಂದಿತು.

ಅವಳು ಬದುಕಿದಳು. ರಸ್ತೆಯ ಹಿಮ ಬಿಡಿಸಿಕೊಂಡು ಎರಡನೆಯ ದಿನ ಬಂದ ವೈದ್ಯರು ಉಳಿದದ್ದೇ ಹೆಚ್ಚು ಅಂದರು. ಆದರೆ ಅವಳ ಬಲಗೈ ಆಮೇಲೆ ನಡುಗುವುದನ್ನು ಬಿಡಲಿಲ್ಲ. ನನ್ನ ಹೆಸರು ಅವಳ ಬಾಯಿಗೆ ಬರುತ್ತಿರಲಿಲ್ಲ. "ಆ ಅನ್ನದವಳೇ" ಎಂದು ಕರೆಯುತ್ತಿದ್ದಳು.

ಹೊಗೆ ತುಂಬಿದ ಆ ದಿನದ ಸಂಜೆಯೇ ತೊರಾಜಿ ಊಟದ ಕೋಣೆಯಲ್ಲಿ ಎಲ್ಲರ ಎದುರು ಹಣೆಯನ್ನು ಚಾಪೆಗೆ ಮುಟ್ಟಿಸಿ ಹದಿಮೂರು ದಿನದ ಕಥೆ ಹೇಳಿದರು. ಒಂದನ್ನೂ ಬಿಡಲಿಲ್ಲ, ಒಂದಕ್ಕೂ ನೆಪ ಹೇಳಲಿಲ್ಲ.

ಒಡತಿ ಹರುಯೊ ಧ್ವನಿ ಏರಿಸುವವರಲ್ಲ. "ಹದಿಮೂರು ದಿನ ನಮ್ಮ ಮನೆಗೆ ಬಂದವರನ್ನ ಒಂದು ನಾಣ್ಯದ ಭರವಸೆ ಮೇಲೆ ಮಲಗಿಸಿದ್ರಿ" ಅಂದರು. ಅಷ್ಟೇ.

ನಾನೂ ಅವರ ಪಕ್ಕದಲ್ಲಿ ಕೂತು ಹಣೆ ಮುಟ್ಟಿಸಿದೆ. "ನಿನ್ನೆ ಸಂಜೆಯಿಂದ ನನಗೂ ಗೊತ್ತಿತ್ತು" ಅಂದೆ.

ನನ್ನ ಹಲ್ಲಿನ ಗುರುತಿದ್ದ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಯೊಹೇ ಮುಂದಕ್ಕೆ ಸರಿದು ಕೂತ. "ಗೊರಕೆ ನಿಂತಿದ್ದು ನಾನೂ ಕೇಳಿಸ್ಕೊಂಡೆ" ಅಂದ.

ಬಿಸಿನೆಲದ ಮನೆಗೆ ಬೀಗ ಬಿತ್ತು. ತೊರಾಜಿಯನ್ನು ಒಡತಿ ಕಳಿಸಲಿಲ್ಲ, ಆದರೆ ಕಾವಲುಗಾರ ಎಂದು ಮತ್ತೆ ಕರೆಯಲೂ ಇಲ್ಲ. ಅವರು ಹಿಮ ತೆಗೆದರು, ಕೊಳವೆ ಕೆರೆದರು. ಮೂಗು ಮರಳಲಿಲ್ಲ.

ಏಪ್ರಿಲಿನಲ್ಲಿ ಪಕ್ಕದ ಕಣಿವೆಯಿಂದ ಮಾಸುಜಿ ಎಂಬ ಹೊಸಬ ಬಂದ. ಮೂವತ್ತನಾಲ್ಕರ ಗಟ್ಟಿ ಆಳು, ನಗುಮುಖದವನು. ಅವನಿಗೆ ಕೆಲಸ ಕಲಿಸುವುದನ್ನು ಒಡತಿ ತೊರಾಜಿಗೇ ವಹಿಸಿದರು. ಬಾಗಿಲು ಮತ್ತೆ ತೆರೆಯುವ ದಿನವನ್ನು ಮೇ ತಿಂಗಳ ರಜೆಗೆ ಇಟ್ಟುಕೊಂಡಿದ್ದೆವು. ಇಪ್ಪತ್ತಮೂರು ಜನ ಬಂದಿಳಿದಿದ್ದರು. ಕಂಬಳಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ಆಕಾಶ ಶುಭ್ರವಾಗಿತ್ತು, ಒಳ್ಳೆಯ ಗಾಳಿಯಿತ್ತು, ಕಿಂಡಿಗಳೆಲ್ಲ ತೆರೆದಿದ್ದವು. ಮಾಸುಜಿ ಒಳಗೆ ಹೋಗಿ ನೋಡಿ ಬಂದು, "ತೆಳ್ಳಗಿದೆ, ಏನೂ ತೊಂದರೆ ಇಲ್ಲ" ಅಂದ. ಹಾಗೆ ಹೇಳುತ್ತ ಮುಂಗೈಯಿಂದ ಮೂಗೊರಸಿಕೊಂಡ.

ತೊರಾಜಿ ಅದನ್ನು ನೋಡಿದರು. "ನೆಗಡಿ ಇದೆಯಾ?"

"ಅಯ್ಯೋ, ನೆಗಡಿ ಅನ್ನೋ ಅಷ್ಟೇನಿಲ್ಲ ಗುರುಗಳೇ. ಬೆಳಿಗ್ಗೆ ಸ್ವಲ್ಪ ಸೋರ್ತಿತ್ತು."

"ಸೋರ್ತಿತ್ತೋ, ಇಲ್ವೋ?"

ಮಾಸುಜಿ ಸಾಲಿನ ಕಡೆ ನೋಡಿದ, ಒಡತಿಯ ಕಡೆ ನೋಡಿದ. "ಸೋರ್ತಿತ್ತು."

ತೊರಾಜಿ ಬಾಗಿಲೆಳೆದು ಬೀಗ ಹಾಕಿದರು. ಸಾಲಿನಲ್ಲಿ ಗುಜುಗುಜು ಎದ್ದಿತು. ಒಬ್ಬ ಹೆಂಗಸು, "ಅಷ್ಟು ದೂರದಿಂದ ಬಂದಿದೀವಿ, ಒಂದು ಸೀನಿಗೆ ಇಷ್ಟು ರಂಪಾನಾ?" ಅಂದಳು. ಒಡತಿ ಮೆಟ್ಟಿಲಿಳಿದು ಬಂದು, ನಗುಮುಖ ಬಿಡದೆ, ಹಲ್ಲಿನ ಸಂದಿಯಿಂದ, "ತೊರಾಜಿ-ಸಾನ್, ಇಪ್ಪತ್ತಮೂರು ಜನ ಇದಾರೆ" ಅಂದರು.

"ಎಣಿಸಿದೀನಿ, ಒಕಾಮಿ-ಸಾನ್" ಅಂದರು ಅವರು. "ಹುಡುಗನ ಮೂಗು ಒಣಗೋವರೆಗೆ ಇದು ತೆಗೆಯಲ್ಲ. ನನ್ನನ್ನ ಕಳಿಸೋದಾದ್ರೆ ಈಗಲೇ ಕಳಿಸಿ. ಬೀಗದ ಕೈ ಮಾತ್ರ ಆಮೇಲೆ ಕೊಡ್ತೀನಿ."

ಒಡತಿ ಅತಿಥಿಗಳ ಕಡೆ ತಿರುಗಿ ಸೊಂಟ ಬಗ್ಗಿಸಿ ವಂದಿಸಿ, "ತುಂಬಾ ಕ್ಷಮಿಸಬೇಕು. ನಮ್ಮ ಕಾವಲುಗಾರರು ಇವತ್ತು ಬೇಡ ಅಂತಿದಾರೆ" ಅಂದರು.

ಇಪ್ಪತ್ತಮೂರು ಜನರೂ ಆ ಮಧ್ಯಾಹ್ನವೆಲ್ಲ ನನ್ನ ಅಡುಗೆಮನೆಯ ಸುತ್ತ ಕೂತು ಚಹಾ ಕುಡಿಯುತ್ತ ತೊರಾಜಿಯನ್ನು ಬೈದರು. ನಾನು ಎಲ್ಲರಿಗೂ ಎರಡೆರಡು ಸಲ ಬಡಿಸಿದೆ.